ತಂಗಿ ಸಣ್ಣಗಾದ ವರ್ಷ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಬಹಳ ಒಳ್ಳೆಯವಳು ಅಂದುಕೊಂಡು ಮೋಸಹೋಗುವುದು ಬೇಡ. ಬೇರೆಯವರ ಮನೆ, ಬೇರೆಯವರ ಕಾರು, ಬೇರೆಯವರ ಮಕ್ಕಳ ಮಾರ್ಕ್ಸು ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ಇರುವ ಹೊಟ್ಟೆಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಅವಳು ನನ್ನ ಒಡಹುಟ್ಟಿದ ತಂಗಿ.

ನಾವಿಬ್ಬರೂ ಹದಿನಾರು ಅನ್ನುವ ಊರಿನಲ್ಲಿ ಹುಟ್ಟಿ ಬೆಳೆದವರು. ನನ್ನನ್ನು ನಂಜನಗೂಡಿಗೆ ಕೊಟ್ಟರು, ಅವಳನ್ನು ನರಸೀಪುರಕ್ಕೆ. ಇಬ್ಬರೂ ದಪ್ಪ. ಅಂತಿಂಥ ದಪ್ಪ ಅಲ್ಲ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾವಿಬ್ಬರು ಕೂತರೆ ಒಬ್ಬಳ ಅರ್ಧ ಮೈ ದಾರಿಗೆ ಬರುತ್ತಿತ್ತು, ಕಂಡಕ್ಟರು ಪಕ್ಕಕ್ಕೆ ತಿರುಗಿಕೊಂಡು ದಾಟಿ ಹೋಗುತ್ತಿದ್ದ. ಮದುವೆ ಮನೆಗಳಿಗೆ ಜೊತೆಯಲ್ಲಿ ಹೋದರೆ "ಬಂದ್ವಪ್ಪ ಜೋಡೆತ್ತು" ಅನ್ನುವವರಿದ್ದರು. ನಾವೂ ನಗುತ್ತಿದ್ದೆವು. ದಪ್ಪಗಿರುವವಳು ಒಬ್ಬಳೇ ಆದರೆ ಅವಮಾನ, ಇಬ್ಬರಾದರೆ ತಮಾಷೆ. ಈ ವಿಷಯ ನನಗೆ ಅವಳು ಸಣ್ಣಗಾದ ಮೇಲೆ ಗೊತ್ತಾಯಿತು.

ಅವಳು ಆಪರೇಷನ್ ಮಾಡಿಸಿಕೊಂಡಳು. ಹೊಟ್ಟೆಯ ಬೈಪಾಸು. ಬೈಪಾಸು ಅಂದರೆ ಹಾರ್ಟಿಗೆ ಮಾಡುವುದು ಅಂತಲೇ ನಾನೂ ತಿಳಿದಿದ್ದೆ. ಹೊಟ್ಟೆಗೂ ಮಾಡುತ್ತಾರಂತೆ. ಜಠರದ ಮೇಲ್ತುದಿಯಲ್ಲಿ ಒಂದು ಮೊಟ್ಟೆಯಷ್ಟು ಚೀಲ ಉಳಿಸಿ, ಮಿಕ್ಕಿದ್ದನ್ನು ಅದರಿಂದ ಬೇರೆ ಮಾಡಿ, ಕೆಳಗಿನ ಕರುಳನ್ನು ಎಳೆದು ತಂದು ಆ ಚೀಲಕ್ಕೇ ನೇರವಾಗಿ ಜೋಡಿಸುತ್ತಾರೆ. ಅಷ್ಟಾದ ಮೇಲೆ ಒಂದು ಹಿಡಿ ಉಂಡರೆ ಹೊಟ್ಟೆ ತುಂಬುತ್ತದೆ, ಉಂಡದ್ದೂ ಪೂರ್ತಿ ಮೈಗೆ ಹತ್ತುವುದಿಲ್ಲ. ಅವಳಿಗೆ ಶುಗರ್ ಹದ್ದುಮೀರಿತ್ತು, ಮಂಡಿಗಳೂ ಕೈಕೊಟ್ಟಿದ್ದವು. ಮೈಸೂರಿನ ಡಾಕ್ಟರು ಹೇಳಿದರು, ಅವಳ ಗಂಡ ಒಪ್ಪಿದ. ಅತ್ತೆ ಮನೆಯ ಮಿಕ್ಕವರಿಗೆಲ್ಲ ಪಿತ್ತಕೋಶದ ಕಲ್ಲು ತೆಗೆಸುತ್ತಿದ್ದೇವೆ ಅಂತ ಹೇಳಿದರು. ನಿಜ ಗೊತ್ತಿದ್ದದ್ದು ಅವಳ ಗಂಡನಿಗೆ, ನನಗೆ, ನನ್ನ ಗಂಡನಿಗೆ.

"ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು ಕಣಕ್ಕ," ಅಂದಿದ್ದಳು. "ಜನ ಉಣ್ಣಕ್ಕಿಲ್ದೆ ಸಾಯ್ತವ್ರೆ, ಇವ್ಳು ಉಣ್ಣೋದ್ನ ತಡ್ಯಕ್ಕೆ ಒಟ್ಟೆ ಕುಯ್ಸ್ಕೊಂಡು ಬಂದವ್ಳೆ ಅಂತಾರೆ. ಊರೆಲ್ಲ ಅದೇ ಮಾತಾಯ್ತದೆ."

ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟೆ. ಕೊಡುವಾಗ ಅದೇನು ದೊಡ್ಡ ಕಷ್ಟ ಅನ್ನಿಸಿರಲಿಲ್ಲ.

ಕಷ್ಟ ಶುರುವಾದದ್ದು ಹೊಗಳಿಕೆಯಿಂದ. ನಾನು ನಂಜನಗೂಡಿನಲ್ಲಿ ಬ್ಲೌಸ್ ಹೊಲಿಯುತ್ತೇನೆ, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನನ್ನ ತಂಗಿಗೆ ನರಸೀಪುರದಿಂದ ಬರುವುದು ಪಕ್ಕದ ಬೀದಿಯಿಂದ ಬಂದಷ್ಟೇ ಸಲೀಸು. ಬರುವಾಗಲೆಲ್ಲ ಒಂದು ಕವರಿನ ತುಂಬ ಬ್ಲೌಸು ತರುತ್ತಿದ್ದಳು. ಹಿಂದಿನ ಸಲ ನಾನೇ ಒಳಗೆ ಹಿಡಿದು ಬಿಗಿ ಮಾಡಿಕೊಟ್ಟದ್ದು ಆಗಲೇ ಜೋಲುತ್ತಿರುತ್ತಿತ್ತು. ಮತ್ತೆ ಬಿಚ್ಚಿ ಮತ್ತೆ ಹಿಡಿಯಬೇಕು. ಅವಳು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗುತ್ತಿದ್ದರೆ ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳ ಬೆನ್ನ ಹಿಂದೆ ನಿಂತಿರುತ್ತಿದ್ದೆ. ಕನ್ನಡಿಯಲ್ಲಿ ಅವಳು ಪೂರ್ತಿ ಕಾಣುತ್ತಿದ್ದಳು, ಅವಳ ಎರಡು ಪಕ್ಕದಲ್ಲೂ ನಾನು ಕಾಣುತ್ತಿದ್ದೆ.

ಗಿರಾಕಿಗಳು ಅಲ್ಲೇ ಕೂತಿರುತ್ತಿದ್ದರು. "ಏನು ಮಾಡಿದ್ರಿ ಅಕ್ಕ, ನಮಗೂ ಹೇಳಿ" ಅಂತ ಅವಳನ್ನು ಕೇಳುವರು. ಅವಳು ತಲೆ ತಗ್ಗಿಸಿಕೊಂಡು, "ಏನಿಲ್ಲ, ಬೆಳಿಗ್ಗೆ ವಾಕಿಂಗು, ರಾತ್ರಿ ಊಟ ಬಿಟ್ಟಿದ್ದೀನಿ ಅಷ್ಟೆ" ಅನ್ನುವಳು. ಅವರೆಲ್ಲ ನನ್ನ ಕಡೆ ತಿರುಗಿ, "ನೋಡಿ ಕಲೀರಿ, ಒಂದೇ ತಾಯಿ ಮಕ್ಕಳು" ಅನ್ನುವರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅದೆಲ್ಲ ವಾಕಿಂಗಲ್ಲ, ಡಾಕ್ಟರ ಕತ್ತರಿ ಅಂತ ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಆದರೆ ಕೊಟ್ಟ ಮಾತು ಬಾಯಿ ಕಟ್ಟಿಹಾಕಿತ್ತು, ಪಿನ್ನು ಬೇರೆ ಬಾಯಲ್ಲಿತ್ತು.

ಸಣ್ಣಗಾದದ್ದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ನನ್ನನ್ನು ನಿಜವಾಗಿ ಕೆಡವಿದ್ದು ಅವಳ ಶುಗರ್ ಮಾತ್ರೆ. ಒಂದು ದಿನ ಫೋನ್ ಮಾಡಿ, "ಅಕ್ಕ, ಡಾಕ್ಟ್ರು ಮಾತ್ರೆ ನಿಲ್ಸವ್ರೆ, ಶುಗರ್ ನಾರ್ಮಲ್ಲಂತೆ" ಅಂದಳು. ಒಳ್ಳೆಯದಾಯಿತು ಕಣೆ, ನನಗೂ ಖುಷಿ ಆಯಿತು ಅಂದೆ. ನನಗೂ ಅದೇ ಕಾಯಿಲೆ, ನಮ್ಮವ್ವನಿಂದ ಇಬ್ಬರಿಗೂ ಬಂದದ್ದು. ಫೋನಿಟ್ಟು ನನ್ನ ಮಾತ್ರೆ ಡಬ್ಬಿ ತೆಗೆದಾಗ ಕಣ್ಣಲ್ಲಿ ನೀರು ಬಂತು. ಆ ನೀರು ಖುಷಿಯದ್ದಲ್ಲ.

ಆವತ್ತೇ ತೀರ್ಮಾನ ಮಾಡಿದೆ. ನಾನೂ ಮಾಡಿಸಿಕೊಳ್ಳುತ್ತೇನೆ. ಮಂಡಿ ನನಗೂ ಹೋಗಿತ್ತು. ಮಿಷನ್ ತುಳಿಯುವುದಕ್ಕೆ ಆಗದೆ ಮೋಟಾರು ಹಾಕಿಸಿಕೊಂಡಿದ್ದೆ, ಬಟ್ಟೆ ಕತ್ತರಿಸಲು ನೆಲದ ಮೇಲೆ ಕೂತರೆ ಯಾರಾದರೂ ಬಂದು ಎಬ್ಬಿಸಬೇಕಿತ್ತು. ಅವಳಿಗೆ ಸಿಕ್ಕ ಬದುಕು ನನಗೂ ಬೇಕಾಗಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅವಳಿಗೆ ಹೇಳಿದೆ. ತಕ್ಷಣ ಬೇಡ ಅಂದಳು. ಯೋಚನೆ ಕೂಡ ಮಾಡಲಿಲ್ಲ.

"ನಿಂಗ್ಯಾಕಕ್ಕ ಇವೆಲ್ಲ. ನೀನು ಇರೋ ಅಂಗೇ ಚೆಂದಾಗಿದ್ದೀಯ."

ಸಣ್ಣಗಿರುವವರು ದಪ್ಪಗಿರುವವರಿಗೆ ಹೇಳುವ ಮಾತು ಅದು. ಇಷ್ಟು ದಿನ ಅದನ್ನು ಬೇರೆಯವರು ನಮ್ಮಿಬ್ಬರಿಗೂ ಹೇಳುತ್ತಿದ್ದರು, ನಾವು ಮನೆಗೆ ಬಂದು ಅವರನ್ನು ಅಣಕಿಸಿ ನಗುತ್ತಿದ್ದೆವು. ಈಗ ಇವಳೇ ಹೇಳಿದಳು. ಆಮೇಲೆ ಅದರ ತಾಪತ್ರಯಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಕೂದಲು ಕೈಗೆ ಕಿತ್ತು ಬರುತ್ತದೆ ಅಂದಳು. ನನಗೆ ಆಪರೇಷನ್ ಇಲ್ಲದೆಯೇ ಬರುತ್ತಿತ್ತು. ಪಾಯಸ ಒಂದು ಲೋಟ ಕುಡಿದರೆ ಎದೆ ಡವಡವ ಹೊಡೆದುಕೊಂಡು ಮೈಯೆಲ್ಲ ಬೆವರಿ ಮಲಗಬೇಕಾಗುತ್ತದೆ ಅಂದಳು. ಶುಗರಿನವಳಿಗೆ ಪಾಯಸ ಯಾವ ಕರ್ಮಕ್ಕೆ? ಸಾಯುವ ತನಕ ವಿಟಮಿನ್ ಮಾತ್ರೆ ನುಂಗಬೇಕು, ಆಗಾಗ ಇಂಜೆಕ್ಷನ್ ಬೇರೆ, ತಪ್ಪಿಸಿದರೆ ಕಾಲು ಜೋಮು ಹಿಡಿಯುತ್ತದೆ ಅಂದಳು. ತೋಳಿನ ಚರ್ಮ ಜೋತುಬೀಳುತ್ತದೆ ಅಂದಳು. ಉದ್ದ ತೋಳಿನ ಬ್ಲೌಸು ಹೊಲಿದುಕೊಳ್ಳುತ್ತೇನೆ, ನನಗೆ ಟೈಲರ್ ಹುಡುಕಬೇಕಾಗಿಲ್ಲ ಅಂದೆ. ಅವಳು ನಗಲಿಲ್ಲ.

ನನ್ನ ಗಂಡ ಅವಳ ಪರ. "ಅನುಭವಿಸಿದೋಳು ಏಳ್ತಾವ್ಳೆ, ನಿನ್ ಒಳ್ಳೇದ್ಕೇ ತಾನೆ" ಅಂದರು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವಳು ಯಾವಾಗ ಒಳ್ಳೆಯದಕ್ಕೆ ಹೇಳುತ್ತಾಳೆ, ಯಾವಾಗ ಬೇರೆ ಯಾವುದಕ್ಕೋ ಹೇಳುತ್ತಾಳೆ ಅಂತ ಇವರಿಗಿಂತ ನನಗೆ ಚೆನ್ನಾಗಿ ಗೊತ್ತು. ಹೊಗಳಿಕೆಯನ್ನು ಹಂಚಿಕೊಳ್ಳುವುದಕ್ಕೆ ಅವಳಿಗೆ ಇಷ್ಟವಿರಲಿಲ್ಲ. ನನಗೆ ಹಾಗೆ ಖಾತ್ರಿಯಾಗಿತ್ತು. ಅವಳಿಗೆ ಹೇಳದೆ ಮೈಸೂರಿಗೆ ಹೋಗಿ ಅದೇ ಡಾಕ್ಟರನ್ನು ಕಂಡು ಬಂದೆ. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಆಯಿತು. ಮುಂದಿನ ತಿಂಗಳು ಬನ್ನಿ, ದಿನ ಗೊತ್ತು ಮಾಡೋಣ ಅಂದರು.

ಆ ನಡುವೆ ಅವಳಲ್ಲಿ ಒಂದು ಹೊಸ ಚಾಳಿ ಗಮನಿಸಿದೆ. ನಮ್ಮ ಮನೆಗೆ ಬಂದಾಗ ಎರಡು ತುತ್ತು ಉಣ್ಣುವಳು, ಎದ್ದು ಬಚ್ಚಲಿಗೆ ಹೋಗುವಳು, ನಲ್ಲಿ ಜೋರಾಗಿ ಬಿಟ್ಟುಕೊಂಡು ಎಷ್ಟು ಹೊತ್ತಾದರೂ ಹೊರಗೆ ಬರುತ್ತಿರಲಿಲ್ಲ. ನಮ್ಮ ಬಚ್ಚಲಲ್ಲಿ ಒಂದು ಕನ್ನಡಿ ಇದೆ. ಕೋಣೆಯ ಕನ್ನಡಿ ಸಾಲದೆ ಅಲ್ಲಿಯೂ ತನ್ನನ್ನು ತಾನು ನೋಡಿಕೊಳ್ಳುತ್ತಾಳೆ ಅಂತ ನಾನು ಹಲ್ಲು ಕಡಿಯುತ್ತಿದ್ದೆ. ಟ್ಯಾಂಕಿನ ನೀರೆಲ್ಲ ಖಾಲಿಯಾಗುತ್ತದೆ ಕಣೆ ಅಂತ ಹೊರಗಿನಿಂದಲೇ ಕೂಗಿದ್ದೂ ಉಂಟು.

ಅಷ್ಟರಲ್ಲಿ ಅವಳ ಮೈದುನನ ಮದುವೆ ಬಂತು. ಹುಡುಗಿ ಚಿಕ್ಕಯ್ಯನಛತ್ರದ ಕಡೆಯವಳು. ಮದುವೆ ಮುಗಿದ ಮೇಲೆ ನರಸೀಪುರದಲ್ಲಿ ಗಂಡಿನ ಮನೆಯವರು ಬೀಗರ ಊಟ ಇಟ್ಟುಕೊಂಡರು. ನಮ್ಮ ಕಡೆ ಮದುವೆಯ ಊಟ ಹೇಗಾದರೂ ನಡೆದುಹೋಗುತ್ತದೆ, ಬೀಗರ ಊಟದಲ್ಲಿ ಕೊರತೆಯಾದರೆ ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ಮನೆ ಮುಂದೆ ಶಾಮಿಯಾನ, ಹಿತ್ತಿಲಲ್ಲಿ ಒಲೆ, ಮುದ್ದೆ, ಬಾಡಿನ ಸಾರು. ಹೊಸ ಬೀಗಿತ್ತಿಯರು ಒಂದು ಸಾಲಿನಲ್ಲಿ ಕೂತರು. ಹಿರಿಸೊಸೆ ಅವರ ಜೊತೆಯಲ್ಲೇ ಕೂತು ಉಣ್ಣಬೇಕು ಅಂತ ಅತ್ತೆಯ ಅಪ್ಪಣೆಯಾಯಿತು. ಹಾಗಾಗಿ ನನ್ನ ತಂಗಿ ಅವರ ನಡುವೆ ಕೂತಳು. ಅವಳ ಸೀರೆಯೂ, ನಾನೇ ಹೊಲಿದ ಬ್ಲೌಸೂ ಅವಳಿಗೆ ಎಷ್ಟು ಒಪ್ಪಿದ್ದವೆಂದರೆ ನಾನು ಎದುರು ಸಾಲಿನಲ್ಲಿ ಕೂತು ನನ್ನ ಕೆಲಸವನ್ನೇ ಶಪಿಸಿಕೊಂಡೆ.

ಎಲೆಗೆ ಮುದ್ದೆ ಬಿತ್ತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುವುದು. ಹಾಲುಹಲ್ಲಿನ ಮಗುವಿಗೂ ನಾವು ಕಲಿಸುವುದು ಅದನ್ನೇ. ಆದರೆ ಬೈಪಾಸು ಆದವರು ಏನೇ ತಿಂದರೂ ನೀರಾಗುವಷ್ಟು ಅಗಿದು ಇಳಿಸಬೇಕು ಅಂತ ಡಾಕ್ಟರು ಅವಳಿಗೆ ಹೇಳಿದ್ದರು. ಮನೆಯಲ್ಲಿ ಅವಳು ಮುದ್ದೆಯ ತಂಟೆಗೇ ಹೋಗುತ್ತಿರಲಿಲ್ಲ. ಇಲ್ಲಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಗೋಲಿಯಷ್ಟು ಮುರಿದು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿಯತೊಡಗಿದಳು.

ಪಕ್ಕದಲ್ಲಿದ್ದ ದಪ್ಪ ಬೀಗಿತ್ತಿ ಅದನ್ನು ನೋಡಿಬಿಟ್ಟಳು. ಬೀಗರನ್ನು ಹಾಸ್ಯ ಮಾಡುವುದಕ್ಕೆಂದೇ ಬಂದಿದ್ದ ಹೆಂಗಸು.

"ಅಯ್ಯೋ, ಇಲ್ನೋಡ್ರವ್ವ, ಮುದ್ದೆ ಅಗೀತಾವ್ಳೆ," ಅಂದಳು. "ಇವ್ರ ಮನೇಲಿ ಮುದ್ದೆ ನುಂಗಕ್ಕೂ ಬರಕ್ಕಿಲ್ಲ, ನಮ್ಮುಡುಗೀನ ಎಂಗವ್ವ ಸಾಕ್ತಾರೆ?"

ಸಾಲೆಲ್ಲ ನಕ್ಕಿತು. ಅತ್ತೆಯ ಮುಖ ಸಪ್ಪಗಾಯಿತು. ಇನ್ನೊಬ್ಬಳು, "ಅದ್ಕೇ ಇಂಗೆ ಕಡ್ಡಿ ಆಗವ್ಳೆ ಬುಡು" ಅಂದಳು. ನಾನು ಏನೋ ಹೇಳಿ ಮಾತು ತಿರುಗಿಸೋಣ ಅಂತ ಬಾಯಿ ತೆರೆದೆ. ತಂಗಿ ನನ್ನ ಕಡೆ ನೋಡಿದಳು. ಹೇಳಿದರೆ ನೋಡು ಅನ್ನುವ ನೋಟ. ಬಾಯಿ ಮುಚ್ಚಿಕೊಂಡೆ.

ಅವಳು ದೊಡ್ಡದೊಂದು ತುತ್ತು ಮುರಿದು, ಉಂಡೆ ಮಾಡಿ, ನಮ್ಮವ್ವ ಕಲಿಸಿದ ಹಾಗೆ ಸೊಗಸಾಗಿ ನುಂಗಿದಳು. ಬೀಗಿತ್ತಿಯರು ಭೇಷ್ ಅಂದರು. ಇನ್ನೊಂದು ನುಂಗಿದಳು. ಅದರ ಹಿಂದೆಯೇ ಒಂದು ಬಾಡಿನ ತುಂಡನ್ನೂ ಇಳಿಸಿದಳು. ಆಮೇಲೆ ಅವಳ ಕೈ ಎಲೆಯ ಮೇಲೆ ನಿಂತುಹೋಯಿತು. ಹಣೆಯಲ್ಲಿ ಬೆವರು ಒಡೆಯಿತು. ಎದೆ ಹಿಡಿದುಕೊಂಡು ಎದ್ದು ಹಿತ್ತಿಲ ಕಡೆ ಓಡಿದಳು.

ಓಡಿದಳು ಅನ್ನುವುದೇ ನನ್ನ ತಲೆಗೆ ಮೊದಲು ಬಂದದ್ದು. ನಮ್ಮಿಬ್ಬರಲ್ಲಿ ಒಬ್ಬಳು ಈಗ ಓಡಬಲ್ಲಳು. ನಾನು ಪ್ಲಾಸ್ಟಿಕ್ ಕುರ್ಚಿಯ ಕೈ ಹಿಡಿದು ಎದ್ದು, ಮಂಡಿ ಸರಿಮಾಡಿಕೊಂಡು ಹಿತ್ತಿಲಿಗೆ ಹೋಗುವಷ್ಟರಲ್ಲಿ ಅವಳು ತೊಳೆಯುವ ಕಲ್ಲಿನ ಮೇಲೆ ಬಗ್ಗಿದ್ದಳು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ವಾಂತಿ ಬರುತ್ತಿಲ್ಲ, ಒಳಗೂ ಇಳಿಯುತ್ತಿಲ್ಲ. ತನ್ನ ಉಗುಳನ್ನು ಕೂಡ ಅವಳಿಗೆ ನುಂಗಲಾಗುತ್ತಿರಲಿಲ್ಲ. ನೀರು ಕುಡಿಸಿದೆ, ಅದೂ ಹಾಗೆಯೇ ಹೊರಗೆ ಬಂತು. ನಲ್ಲಿ ಬಿಟ್ಟಿತ್ತು. ಆಗ ನನಗೆ ನಮ್ಮ ಮನೆಯ ಬಚ್ಚಲು ಅರ್ಥವಾಯಿತು.

"ಎಷ್ಟು ದಿನದಿಂದ್ಲೆ ಇದು?" ಅಂದೆ.

ಕೈಯಾಡಿಸಿದಳು, ಬಹಳ ದಿನದಿಂದ ಅನ್ನುವ ಹಾಗೆ.

ಅವಳ ಗಂಡ ಕಾರು ತೆಗೆದ. ಅತ್ತೆ ಬಾಡಿನ ಕೈ ತೊಳೆಯದೆಯೇ ಹತ್ತಿ ಕೂತರು. ಮೈಸೂರು ತಲುಪುವ ತನಕ ನಾನು ಅವಳ ಬಾಯಿಗೆ ಟವೆಲ್ ಹಿಡಿದಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಬೈದರು. "ಬೈಪಾಸ್ ಆದವರು ಮುದ್ದೆ ನುಂಗ್ತಾರೇನ್ರಿ?" ಅಂದರು. ಅತ್ತೆ ಅವರ ಮುಖ ನೋಡಿ, "ಯಾವ ಬೈಪಾಸು ಸಾ?" ಅಂದರು. ಅಲ್ಲಿಗೆ ಗುಟ್ಟು ಮುಗಿಯಿತು. ಡಾಕ್ಟರೇ ಎಲ್ಲ ಬಿಡಿಸಿ ಹೇಳಿದರು. ಆ ಹೆಂಗಸು ಕೂಗಾಡುತ್ತಾರೆ ಅಂತ ನಾನು ಕಾದೆ. ಅವರು "ನುಂಗ್ದೆ ಮುದ್ದೆ ಉಣ್ಣೋದಾದ್ರೂ ಎಂಗೆ ಸಾ, ಅಗುದ್ರೆ ಅಲ್ಗೆಲ್ಲ ಅಂಟ್ಕತದೆ" ಅಂತ ಕೇಳಿದರು. ಆಮೇಲೆ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ನಂಗೊಂದು ಮಾತು ಏಳಿದ್ರೆ ಗಂಜಿ ಕಾಯ್ಸಿ ಕೊಡ್ತಿರ್ನಿಲ್ವ" ಅಂದದ್ದು ನನಗೆ ಕೇಳಿಸಿತು.

ಬಾಯಿಂದ ಕ್ಯಾಮೆರಾ ಪೈಪು ಇಳಿಸಿ ಎಂಡೋಸ್ಕೋಪಿ ಮಾಡಿದರು. ಸಿಕ್ಕಿಕೊಂಡಿದ್ದ ಮುದ್ದೆಯನ್ನೂ ಬಾಡಿನ ತುಂಡನ್ನೂ ಚೂರು ಚೂರಾಗಿ ತೆಗೆದರು. ಆಮೇಲೆ ಡಾಕ್ಟರು ಒಂದು ಫೋಟೋ ತೋರಿಸಿದರು. ಚೀಲಕ್ಕೂ ಕರುಳಿಗೂ ಜೋಡಿಸಿದ ಜಾಗ ಮುದುಡಿಕೊಂಡು, ಪೆನ್ನಿನ ರೀಫಿಲ್ಲು ತೂರುವಷ್ಟು ತೂತು ಮಾತ್ರ ಉಳಿದಿತ್ತು. ಪಕ್ಕದಲ್ಲೇ ಒಂದು ಹುಣ್ಣು. ತಲೆನೋವು ಮಂಡಿನೋವು ಅಂತ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತಿದ್ದಳಂತೆ. ಈ ಆಪರೇಷನ್ ಆದವರಿಗೆ ಆ ಮಾತ್ರೆಗಳಿಂದ ಜೋಡಣೆಯ ಹತ್ತಿರ ಹುಣ್ಣಾಗುತ್ತದೆ, ಹುಣ್ಣು ಮಾಯುವಾಗ ದಾರಿ ಕಿರಿದಾಗುತ್ತದೆ. ಪೈಪಿನ ತುದಿಯಿಂದ ಒಂದು ಸಣ್ಣ ಬಲೂನನ್ನು ಅಲ್ಲಿ ಇಟ್ಟು ಮೆಲ್ಲಗೆ ಉಬ್ಬಿಸಿ ಹಿಗ್ಗಿಸಿದ್ದೇವೆ ಅಂದರು. ಒಂದೇ ಸಲ ಪೂರ್ತಿ ಹಿಗ್ಗಿಸಿದರೆ ಹರಿದುಹೋಗುವ ಅಪಾಯ, ಆದ್ದರಿಂದ ಇನ್ನೂ ಒಂದೆರಡು ಸಲ ಬರಬೇಕು. ವಾಂತಿ ಶುರುವಾದಾಗಲೇ ಬಂದಿದ್ದರೆ ಇಷ್ಟು ಪಾಡು ಪಡಬೇಕಾಗಿರಲಿಲ್ಲ ಅಂತಲೂ ಹೇಳಿದರು.

ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಭಯವಾಗಿತ್ತು. ಅವಳು ನಿಜವೇ ಹೇಳಿದ್ದಳು, ಒಳಗೆ ಇಷ್ಟು ಅನುಭವಿಸುತ್ತಾ ನನ್ನನ್ನು ಅದರಿಂದ ತಪ್ಪಿಸಲು ನೋಡಿದ್ದಳು, ನಾನು ಅವಳನ್ನು ಅನುಮಾನಿಸಿದೆ ಅಂದುಕೊಂಡೆ. ಮುಂದಿನ ತಿಂಗಳು ಬರುವುದಿಲ್ಲ ಅಂತ ಡಾಕ್ಟರಿಗೆ ಹೇಳಿಬಿಡೋಣ ಅಂತಲೂ ಮನಸ್ಸು ಮಾಡಿದೆ. ಆಗ ಸ್ಟ್ರೆಚರ್ ಬಂತು. ಅವಳು ಮಂಪರಿನಲ್ಲಿ ಮಲಗಿದ್ದಳು. ಕತ್ತಿನ ಕೆಳಗಿನ ಮೂಳೆ ಎರಡು ಕಡೆಯೂ ಎದ್ದು ಕಾಣುತ್ತಿತ್ತು. ನಮ್ಮ ವಂಶದಲ್ಲಿ ಯಾರಿಗಾದರೂ ಆ ಮೂಳೆ ಇರುವುದು ನನಗೆ ಗೊತ್ತೇ ಇರಲಿಲ್ಲ. ಅಷ್ಟೆಲ್ಲ ನೋಡಿದ ಮೇಲೂ, ಆ ಮೂಳೆ ನನಗೂ ಇರಬೇಕಿತ್ತು ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಅವಳು ಎದ್ದು ಕೂತಿದ್ದಳು. ಅತ್ತೆ ಕ್ಯಾಂಟೀನಿಗೆ ಹೋಗಿದ್ದರು. ನಾನು ತೆಳ್ಳಗಿನ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತಿದ್ದೆ. ಪ್ರತಿ ಚಮಚಕ್ಕೂ ಅವಳು ಕಣ್ಣು ಮುಚ್ಚಿ, ಅದು ಇಳಿಯುವುದನ್ನು ಒಳಗೇ ಗಮನಿಸಿ, ಆಮೇಲೆ ತಲೆಯಾಡಿಸುತ್ತಿದ್ದಳು.

ಮೈಸೂರಿಗೆ ಗುಟ್ಟಾಗಿ ಬಂದುಹೋದದ್ದನ್ನು ಹೇಳಿದೆ. "ನೀನು ನನ್ ಒಳ್ಳೇದ್ಕೇ ಬ್ಯಾಡ ಅಂದೆ, ನಾನು ಬೇರೆ ತರ ತಿಳ್ಕೊಂಡೆ ಕಣೆ," ಅಂದೆ. "ನಾ ಮಾಡಿಸ್ಕೊಳಲ್ಲ, ಬುಡು."

ಅವಳು ಬಾಯಿಗೆ ತಂದ ಚಮಚವನ್ನು ಕೈಯಲ್ಲೇ ತಡೆದಳು.

"ನಿನ್ ಒಳ್ಳೇದ್ಕೆ ಏಳ್ಲಿಲ್ಲ ಕಣಕ್ಕ," ಅಂದಳು.

ಚಮಚವನ್ನು ಬಟ್ಟಲಿಗೆ ಇಳಿಸಿದೆ.

"ಇಸ್ಕೂಲಲ್ಲಿ ನನ್ನ ನಿನ್ ತಂಗಿ ಅಂತಾನೇ ಕರೀತಿದ್ರು. ಮದ್ವೇಲೂ ಅಕ್ಕನ್ನ ನೋಡ್ಬುಟ್ಟು, ತಂಗೀನೂ ಅಂಗೇ ಇರ್ತಾಳೆ ಬುಡು ಅಂತ ಒಪ್ಕೊಂಡ್ರು. ನಂದು ಅಂತ ನೋಡಿ ಜನ ಬಾಯ್ಬುಟ್ಟಿದ್ದು ಇದೊಂದೇ. ನೀನೂ ಸಣ್ಣಗಾಗ್ಬುಟ್ರೆ ಮತ್ತೆ ನಿನ್ ತಂಗಿನೇ ಆಗೋಯ್ತೀನಿ. ಅದ್ಕೇ ಬ್ಯಾಡ ಅಂದೆ."

ಅಲ್ಲಿಗೆ ನಾನು ಅಂದುಕೊಂಡದ್ದೇ ಸರಿಯಾಗಿತ್ತು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಕೋಪ ಮಾತ್ರ ಬಂತು, ಆಸ್ಪತ್ರೆ ಅಂತಲೂ ನೋಡದೆ ನಾಲ್ಕು ಮಾತು ಬೈದೆ. ಅವಳು ತಲೆ ತಗ್ಗಿಸಿಕೊಂಡು ಬೈಸಿಕೊಂಡಳು. ಇವಳು ನನ್ನ ನೋಡಿ ಕರುಬುತ್ತಾಳೆ ಅಂತ ನನಗೆ ಈ ಜನ್ಮದಲ್ಲಿ ಹೊಳೆದಿರಲಿಲ್ಲ. ಕರುಬುವ ಕೆಲಸವೆಲ್ಲ ನನ್ನೊಬ್ಬಳದೇ ಅಂದುಕೊಂಡಿದ್ದೆ.

ಬೈದು ಸಾಕಾದ ಮೇಲೆ ಕೇಳಿದೆ. "ಇಷ್ಟೆಲ್ಲ ಆದ್ಮೇಲೂ ಕೇಳ್ತೀನಿ. ಮೊದ್ಲಿಂದ ಶುರು ಮಾಡು ಅಂದ್ರೆ ಮಾಡಿಸ್ಕೊತಿದ್ಯಾ?"

"ನಾಳೀಕೇ ಮಾಡಿಸ್ಕೊತೀನಿ," ಅಂದಳು. "ಮಾತ್ರೆ ಅಂಗಡೀಗೆ ಓಗಕ್ಕಿಲ್ಲ, ಮುದ್ದೆ ಮುಟ್ಟಕ್ಕಿಲ್ಲ. ಮಿಕ್ಕಿದ್ದೆಲ್ಲ ಅಂಗೇ."

ಗಂಜಿ ಆರಿತ್ತು. ಇನ್ನೊಂದು ಚಮಚ ಕೊಟ್ಟೆ. ಅದು ಇಳಿಯುವ ತನಕ ಕಾದು ಅವಳೇ ಮಾತು ತೆಗೆದಳು.

"ಬತ್ತೀನಿ ಅಂದಿರೋ ದಿನಕ್ಕೆ ಓಗಕ್ಕ. ಡಾಕ್ಟ್ರನ್ನ ಎಲ್ಲಾ ಕೇಳು, ಬಲೂನಿಂದೂ ಕೇಳು. ಜೊತೇಲಿ ನಾನೂ ಬತ್ತೀನಿ."

"ಆಗ್ಲಿ," ಅಂದೆ.

"ಸಣ್ಣಗಾಗು. ಆದ್ರೆ ನನ್ಗಿಂತ ಒಸಿ ದಪ್ಪಾನೇ ಇರು."

ಅವಳ ಕಣ್ಣು ತುಂಬಿತ್ತು, ತಮಾಷೆಗೆ ಹೇಳಿದ್ದಲ್ಲ. ಆಯಿತು ಕಣೆ, ಹಾಗೇ ಇರುತ್ತೇನೆ ಅಂತ ಅವಳ ತಲೆ ಸವರಿದೆ. ಬೆರಳಿಗೆ ಕೂದಲು ಕಿತ್ತು ಬಂತು, ಅವಳಿಗೆ ಕಾಣದ ಹಾಗೆ ಸೆರಗಿಗೆ ಒರೆಸಿಕೊಂಡೆ. ಆದರೆ ಅವಳಿಗೆ ಕೊಟ್ಟ ಆ ಮಾತು ಮಾತ್ರ ಶುದ್ಧ ಸುಳ್ಳು.